ಮುಕ್ತ ಗಣಕದ ಮೌನವ್ರತ

ಕಂಪನಿಯವರು ಕುಣಿಸಿದ ಹಾಗೆ ಕುಣಿಯುವ ಕಂಪ್ಯೂಟರನ್ನು ಮನೆಯಲ್ಲಿಟ್ಟುಕೊಂಡವರನ್ನು ಕಂಡರೆ ನನಗೆ ಅಸಡ್ಡೆ. (ಮೊನ್ನೆಯವರೆಗೆ ನಮ್ಮ ಮನೆಯಲ್ಲೂ ಅದೇ ಇತ್ತೆನ್ನುವುದು ಬೇರೆ ಮಾತು.) ಬುಧವಾರ ಆಫೀಸಿಗೆ ರಜೆ ಹಾಕಿ, ಬೆಳಗ್ಗೆಯೇ ಅದರಲ್ಲಿದ್ದ ಕಂಪನಿಯ ತಂತ್ರಾಂಶವನ್ನೆಲ್ಲ ಅಳಿಸಿ, ಯಾರಪ್ಪನ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಮುಕ್ತ ತಂತ್ರಾಂಶವನ್ನು ಪ್ರತಿಷ್ಠಾಪಿಸಿದೆ. "ಇವತ್ತಿನಿಂದ ಈ ಗಣಕಯಂತ್ರ ಮುಕ್ತ!" ಎಂದು ಘೋಷಿಸಿದೆ.

ಹೆಂಡತಿ ಹೆಡ್‌ಫೋನ್ ಹಾಕಿಕೊಂಡಳು, ತೆಗೆದಳು, ಮತ್ತೆ ಹಾಕಿಕೊಂಡಳು.

"ಮುಕ್ತ ಅಲ್ಲ ರೀ, ಮೂಕ. ಒಂದು ಸದ್ದೂ ಬರ್ತಿಲ್ಲ."

ಡಾಕ್ಟರುಗಳು ಮಾತಾಡಿ ಕಳಿಸಿದ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವುದು ಅವಳ ಕೆಲಸ. ಅಂದು ಸಂಜೆ ಐದಕ್ಕೆ ಹನ್ನೊಂದು ವರದಿ ಹೋಗಬೇಕಿತ್ತು. ತಡವಾದರೆ ಕೆಲಸವನ್ನೇ ಬೇರೆಯವರಿಗೆ ಕೊಡುತ್ತೇವೆಂದು ಆಸ್ಪತ್ರೆಯವರು ಎಚ್ಚರಿಸಿದ್ದರು.

"ನನ್ನ ತಮ್ಮನ್ನ ಕರೀಲಾ?"

ಭಾವಮೈದನಿಗೆ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಆಫ್ ಮಾಡಿ ಆನ್ ಮಾಡುವುದಷ್ಟೇ ಅವನ ಪಾಂಡಿತ್ಯ. "ಅವನು ಇದನ್ನ ಮುಟ್ಟಿದ್ರೆ ನೋಡು!" ಎಂದೆ.

ಬಲ್ಲವರು ಸೇರುವ ಜಾಲತಾಣವೊಂದರಲ್ಲಿ ಪ್ರಶ್ನೆ ಹಾಕಿದೆ. ಒಬ್ಬ ಪುಣ್ಯಾತ್ಮ ಉತ್ತರಿಸಿದ: "ಮಿಕ್ಸರ್ ತೆರೆದು ಎಮ್ ಒತ್ತಿ." (ಅಡುಗೆಮನೆಯದಲ್ಲ, ಸದ್ದು ಏರಿಸಿ ಇಳಿಸುವ ಪರದೆಗೂ ಅದೇ ಹೆಸರು.) ತೆರೆದರೆ ಸಾಲಾಗಿ ಕಂಬಗಳು, ಪ್ರತಿ ಕಂಬದ ಬುಡದಲ್ಲೂ 'ಎಮ್ಎಮ್'. ಇಪ್ಪತ್ತೆರಡು ವರ್ಷದಿಂದ ಕಟ್ಟಡಗಳ ನಕ್ಷೆ ಬರೆಯುತ್ತಿರುವ ನನಗೆ ಎಮ್ಎಮ್ ಎಂದರೇನೆಂದು ಯಾವನೂ ಹೇಳಿಕೊಡಬೇಕಾಗಿಲ್ಲ. ಮಿಲಿಮೀಟರ್! ಕಂಬದ ಎತ್ತರ.

"ಅಳತೆ ಎಲ್ಲ ಸರಿಯಾಗೇ ಇದೆ. ಎಮ್ ಒತ್ತಬೇಕಂತೆ! ಅರೆಬೆಂದವರೆಲ್ಲ ಉಪದೇಶ ಮಾಡೋಕೆ ಬರ್ತಾರೆ," ಎಂದು ಆ ಉತ್ತರವನ್ನು ಕಸಕ್ಕಿಂತ ಕಡೆ ಮಾಡಿದೆ.

ಅಲ್ಲಿಂದ ಮುಂದೆ ಕಪ್ಪು ಪರದೆಯ ಮೇಲೆ ಆಜ್ಞೆಗಳ ಸುರಿಮಳೆ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರಬೇಕೆಂದೇನಿಲ್ಲವಲ್ಲ. ಸ್ವಾತಂತ್ರ್ಯದ ಮಹಿಮೆ, ನಮ್ಮ ಮ್ಯಾನೇಜರನ ಮೂರ್ಖತನ, ಭಾವಮೈದನ ಅಂಗಡಿ ಬೋರ್ಡಿನ ಕಾಗುಣಿತ, ಎಲ್ಲವನ್ನೂ ಕೂಲಂಕಷವಾಗಿ ವಿವರಿಸುತ್ತ ಹೋದೆ. ಹೆಂಡತಿ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದಳು. ಗಂಟೆ ಹನ್ನೊಂದಾಯಿತು. ಹನ್ನೆರಡೂ ಆಯಿತು.

"ರೀ, ದಿನಾ ಸಂಜೆ ನಾನು ಟೈಪ್ ಮಾಡುವಾಗ್ಲೂ ನೀವು ಹೀಗೇ ಮಾತಾಡ್ತಾ ಇರ್ತೀರಾ?"

"ಇದೇನೇ ಹೀಗೆ ಕೇಳ್ತೀಯ? ಹದಿನಾಲ್ಕು ವರ್ಷದಿಂದ ಮಾತಾಡ್ತಿದೀನಿ. ನೀನೂ ತಲೆಯಾಡಿಸ್ತಾ, ಹೂಂ ಹೂಂ ಅಂತ ಕೇಳ್ತಿದ್ಯಲ್ಲ!"

"ಅಯ್ಯೋ, ಅದು ಡಾಕ್ಟರಿಗೆ ರೀ."

ಕೀಲಿಮಣೆಯ ಮೇಲೆ ನನ್ನ ಬೆರಳು ನಿಂತುಬಿಟ್ಟವು. ನನ್ನ ವಿಚಾರಗಳಿಗೆ ಸಿಕ್ಕಿದ್ದ ಹದಿನಾಲ್ಕು ವರ್ಷದ ಸಮ್ಮತಿಯೆಲ್ಲ ಯಾರದೋ ಪಿತ್ತಕೋಶದ ಕಲ್ಲಿಗೆ ಸಂದಿತ್ತು.

"ಏಳಿ, ಏಳಿ. ಇನ್ನು ನನ್ನ ಕೈಲಾಗಲ್ಲ," ಎಂದು ಅವಳು ಕೀಲಿಮಣೆ ಎಳೆದುಕೊಂಡಳು. ಮಿಕ್ಸರ್ ತೆರೆದಳು. "ಎಮ್ ಅಂದ್ರೆ ಮ್ಯೂಟ್ ಇರಬೇಕು ಕಣ್ರೀ, ಬಾಯಿ ಮುಚ್ಚಿಸಿರೋದು," ಎನ್ನುತ್ತ ಕಂಬಕ್ಕೊಂದು ಸಲ ಎಮ್ ಒತ್ತುತ್ತ ಹೋದಳು. ಬುಡದ 'ಎಮ್ಎಮ್' ಹೋಗಿ ಎರಡೆರಡು ಸೊನ್ನೆ ಮೂಡಿ, ನನ್ನ ಮಿಲಿಮೀಟರುಗಳೆಲ್ಲ ಒಂದೊಂದಾಗಿ ಸೊನ್ನೆಯಾದವು. ಮೊದಲ ರೆಕಾರ್ಡಿಂಗ್ ಹಚ್ಚಿದ್ದೇ ತಡ, ಅವಳ ಕುತ್ತಿಗೆಯ ಬಳಿ ಯಾರೋ ಡಾಕ್ಟರು ಕೆಮ್ಮಿದರು.

"ಬಂತು! ಐದರೊಳಗೆ ಮುಗಿಸ್ತೀನಿ!" ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. "ನೋಡಿದ್ಯಾ? ಮೊದಲೇ ಹೇಳಿದ್ದೆ. ಈ ತಂತ್ರಾಂಶದ ಹಿರಿಮೆ ಏನಪ್ಪಾ ಅಂದ್ರೆ..."

"ಒಂದ್ನಿಮಿಷ ಇರಿ," ಎಂದು ಅವಳು ಹೆಡ್‌ಫೋನನ್ನು ಎರಡೂ ಕಿವಿಗೆ ಭದ್ರವಾಗಿ ಏರಿಸಿಕೊಂಡಳು. "ಹಾಂ, ಈಗ ಹೇಳಿ."