ದೊಡ್ಡ ಡಾಕ್ಟರ ಕೈಗೆ ಡ್ಯೂಟಿ ಫೋನು

ಮನೇಲಿ ಒಬ್ಬರು ಡಾಕ್ಟರಿದ್ದರೆ ಕಾಯಿಲೆ ಕಮ್ಮಿ ಅಂತಾರೆ. ನಮ್ಮನೇಲಿ ಕಮ್ಮಿ ಆಗಿರೋದು ನಿದ್ದೆ ಮಾತ್ರ. ಬದಲಿಗೆ ವಾರಕ್ಕೊಂದು ತಮಾಷೆ ತಪ್ಪಲ್ಲ.

ನಮ್ಮಕ್ಕ ಜಯನಗರದ ಒಂದು ಆಸ್ಪತ್ರೇಲಿ ಡಾಕ್ಟರು. ಆನ್-ಕಾಲ್ ದಿನ ಮನೇಲೇ ಇರ್ತಾಳೆ, ಆದ್ರೆ ಆಸ್ಪತ್ರೆಯ ಡ್ಯೂಟಿ ಫೋನು ಹೊಡ್ಕೊಂಡ್ರೆ ಎದ್ದು ಓಡಬೇಕು. ಮಾರನೇ ಬೆಳಿಗ್ಗೆ ಮತ್ತೆ ಮಾಮೂಲಿ ಡ್ಯೂಟಿ. ಆ ಮಾರನೇ ದಿನ ರಜೆ ಕೊಡಿ ಅಂತ ಅವಳೂ ಅವಳ ಜೊತೆಯವರೂ ಕೇಳಿ ಕೇಳಿ ಸುಸ್ತಾಗಿದ್ರು.

ಅಜ್ಜಿಯ ನಾಡಿ

ಡ್ಯೂಟಿ ಫೋನಿನ ರಿಂಗ್‌ಟೋನನ್ನೇ ನನ್ನ ಫೋನಿಗೂ ಹಾಕ್ಕೊಂಡೆ. ಮಧ್ಯಾಹ್ನ ಅಕ್ಕ ಸೋಫಾ ಮೇಲೆ ಬಾಯಿ ಬಿಟ್ಕೊಂಡು ಮಲಗಿದ್ದಾಗ ಹೊಡೆಸಿದೆ. ಕಣ್ಣು ಬಿಡದೇ ಎದ್ದು ಕೂತಳು, ಪಕ್ಕದಲ್ಲಿ ಬತ್ತಿ ಹೊಸೀತಿದ್ದ ಅಜ್ಜಿಯ ಕೈ ಹಿಡಿದು ನಾಡಿ ನೋಡೋಕೆ ಶುರು ಮಾಡಿದ್ಲು.

"ಜೋರಾಗಿ ಉಸಿರು ಎಳ್ಕೊಳ್ಳಿ... ಬಿಡಿ. ಯಾವಾಗಿಂದ ಹೀಗೆ ಸುಸ್ತು?"

ಅಜ್ಜಿ ಬತ್ತಿ ಕೆಳಗಿಟ್ಟು ಹೇಳಿದ್ರು: "ನಿಮ್ಮ ತಾತನ್ನ ಕಟ್ಕೊಂಡಾಗಿಂದ ಕಣೇ."

ಉಳಿದವನು ನಾನೊಬ್ಬ

ಅಕ್ಕ, ಇನ್ನು ಮೂವರು ಡಾಕ್ಟರು ಸೇರಿ ದೊಡ್ಡ ಡಾಕ್ಟರ ಹತ್ರ ಮಾತಾಡೋಕೆ ಹೋದ್ರು. ಆಸ್ಪತ್ರೆ ನಡೆಸೋದು ಅವರೇ. ಅಕ್ಕನ ಊಟದ ಡಬ್ಬಿ ಕೊಡೋಕೆ ಹೋಗಿದ್ದ ನಾನು, ಒಳಗೆ ಎಸಿ ಚೆನ್ನಾಗಿದೆ ಅಂತ ಹಿಂದೆ ಹೋಗಿ ಕೂತೆ.

"ಸಾರ್, ನಮ್ಮ ಡ್ಯೂಟಿ ಟೈಮು..." ಅಂತ ಒಬ್ಬರು ಬಾಯಿ ತೆಗೆದ್ರು. ಫೋನ್ ಬಂತು, ಓಡಿದ್ರು. ಇನ್ನೊಬ್ಬರು ಮುಂದುವರಿಸಿದ್ರು. ಅವರಿಗೂ ಬಂತು, ಮೂರನೆಯವರಿಗೂ ಬಂತು. ಕೊನೆಗೆ ಅಕ್ಕನೂ "ಎಮರ್ಜೆನ್ಸಿ ಸಾರ್" ಅಂತ ಎದ್ದು ಹೋದ್ಲು. ದೊಡ್ಡ ಡಾಕ್ಟರು ಕನ್ನಡಕ ಏರಿಸಿ ನನ್ನ ನೋಡಿದ್ರು.

"ನಿಮ್ಮದು ಯಾವ ಡಿಪಾರ್ಟ್‌ಮೆಂಟು?"

"ಎಸ್ಸೆಸ್ಸೆಲ್ಸಿ ಸಾರ್. ಎರಡನೇ ಅಟೆಂಪ್ಟು."

ನಕ್ಕುಬಿಟ್ರು ಪಾಪ. ನಾನೂ ಧೈರ್ಯ ಮಾಡಿ ಅಕ್ಕನ ರಜೆ ವಿಷಯ ಎತ್ತಿದೆ.

"ಮನೇಲಿ ಆರಾಮಾಗಿ ಕೂತಿದ್ದಕ್ಕೆ ಮಾರನೇ ದಿನ ರಜೆ ಯಾಕಪ್ಪ?"

"ಹಂಗಾದ್ರೆ ಒಂದು ಭಾನುವಾರ ಫೋನ್ ನೀವೇ ಇಟ್ಕೊಳ್ಳಿ ಸಾರ್. ಈ ಭಾನುವಾರ ಜರಗನಹಳ್ಳೀಲಿ ನಮ್ಮನೆ ಮೇಲ್ಮಹಡಿ ಗೃಹಪ್ರವೇಶ. ಊಟಕ್ಕೂ ಬಂದ್ಬಿಡಿ."

"ಅದೇನ್ ಮಹಾ!" ಅಂದ್ರು.

ಅಕ್ಕ ಆಮೇಲೆ ನನ್ನ ಕಿವಿ ಹಿಂಡಿದ್ಲು. ಕರೆದಿದ್ದಕ್ಕಲ್ಲ, ದೊಡ್ಡ ಡಾಕ್ಟರ ಎದುರಿಗೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿದ್ದಕ್ಕೆ.

ಬಿಸಿಬಿಸಿ ಒಬ್ಬಟ್ಟು

ಭಾನುವಾರ ದೊಡ್ಡ ಡಾಕ್ಟರು ಪಂಚೆ ಉಟ್ಟು, ಡ್ಯೂಟಿ ಫೋನನ್ನ ಜೇಬಲ್ಲಿಟ್ಕೊಂಡು ಬಂದ್ರು. ಭಾರೀ ಶಾಸ್ತ್ರದವರು. ಎಲೆ ಬಿಟ್ಟು ಎದ್ದರೆ ಮತ್ತೆ ಆ ಹೊತ್ತು ಊಟ ಮುಟ್ಟಲ್ವಂತೆ. ಅವರನ್ನ ಬೇಕಂತಲೇ ವಾಲಗದವರ ಪಕ್ಕ ಕೂರಿಸಿದೆ. ಅಲ್ಲಿ ಕೂತು ಫೋನಲ್ಲಿ ಮಾತಾಡೋದು ಆ ಬ್ರಹ್ಮನಿಂದಲೂ ಆಗಲ್ಲ.

ಕೋಸಂಬರಿ ಆಯ್ತು, ಪಲ್ಯ ಆಯ್ತು. ಬಿಸಿ ಒಬ್ಬಟ್ಟು ಬಂತು. ಅದರ ಮೇಲೆ ಅಮ್ಮ ತುಪ್ಪ ಸುರಿದ್ರು. ದೊಡ್ಡ ಡಾಕ್ಟರು ಒಂದು ಚೂರು ಮುರಿದು ಬಾಯಿ ಹತ್ರ ತಂದ್ರು. ಜೇಬು ಗುಂಯ್ ಅಂತು.

ಒಬ್ಬಟ್ಟು ನೋಡಿದ್ರು. ಜೇಬು ನೋಡಿದ್ರು. ಎದ್ದು ಎಡಗೈಲಿ ಫೋನ್ ಹಿಡ್ಕೊಂಡು ರಸ್ತೆಗೆ ಓಡಿದ್ರು. ಯಾವುದೋ ಮಗುವಿಗೆ ಜ್ವರ. ಯಾವ ಔಷಧಿ, ಎಷ್ಟು ಹನಿ ಅಂತ ನಿಧಾನವಾಗಿ, ಒಂಚೂರೂ ಸಿಡುಕದೆ ಹೇಳಿದ್ರು. ವಾಪಸ್ ಬರೋಷ್ಟರಲ್ಲಿ ಬಡಿಸೋರು ಎಲೆ ಎತ್ತಿಯಾಗಿತ್ತು.

ಅಕ್ಕನಿಗೆ ಅಯ್ಯೋ ಅನ್ನಿಸ್ತು. "ಸಾರ್, ಬೇರೆ ಎಲೆ ಹಾಕಿಸ್ಲಾ?"

"ಬೇಡಮ್ಮ. ನನ್ನ ಊಟ ಮುಗೀತು." ಫೋನನ್ನ ಜೇಬಿಗಿಟ್ಟು ಹೇಳಿದ್ರು: "ಆನ್-ಕಾಲ್ ಆದ ಮಾರನೇ ದಿನ ರಜೆ. ನಿಂಗೊಬ್ಬಳಿಗಲ್ಲ, ಎಲ್ಲರಿಗೂ. ನಾಳೆಯಿಂದಲೇ."

ಅಕ್ಕನ ಕಣ್ಣಲ್ಲಿ ನೀರು. ಅಷ್ಟರಲ್ಲಿ ಫೋನ್ ಮತ್ತೆ ಗುಂಯ್ ಅಂತು. ವಾಲಗ ನಿಂತಿತ್ತು, ನರ್ಸಮ್ಮನ ದನಿ ನಮಗೂ ಕೇಳಿಸ್ತು.

"ಸಾರ್, ಕಾಲು ಮುರಿದಿರೋ ಅಂಕಲ್‌ಗೆ ಮನೆಯಿಂದ ಒಬ್ಬಟ್ಟು ತಂದಿದಾರೆ. ಕೊಡಬಹುದಾ?"

"ಶುಗರ್ ಇದ್ಯಾ?"

"ಇಲ್ಲ ಸಾರ್."

ದೊಡ್ಡ ಡಾಕ್ಟರು ಕಣ್ಮುಚ್ಚಿ ಒಂದು ನಿಟ್ಟುಸಿರು ಬಿಟ್ರು.

"ತಿನ್ನಲಿ ಬಿಡಮ್ಮ. ಒಬ್ಬರಾದ್ರೂ ತಿನ್ನಲಿ!"