ಚಂದ್ರಣ್ಣನ ಅಟ್ಟವೂ ನನ್ನ ಸಿಗ್ನಲ್ಲೂ

ಪಾಠ ಹೇಳುವ ವಿಷಯವನ್ನು ಮನೆಯಲ್ಲೂ ಮಾಡಿ ತೋರಿಸಬೇಕೆಂಬ ಚಪಲ ಮೇಷ್ಟ್ರುಗಳಿಗೆ ಇರಬಾರದು. ಇತಿಹಾಸದವರಿಗೆ ಈ ಅಪಾಯವಿಲ್ಲ. ಹಳೇಬೀಡಿನ ಮೇಲೆ ನಡೆದ ದಾಳಿಯನ್ನು ಹಜಾರದಲ್ಲಿ ಮಾಡಿ ತೋರಿಸಿ ಎಂದು ಯಾವ ಹೆಂಡತಿಯೂ ಕೇಳುವುದಿಲ್ಲ. ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಹೇಳುವವನು. ನನ್ನ ಪ್ರೀತಿಯ ಪಾಠ ರಿಲೇ ಆಯ್ಕೆ. ಸಿಗ್ನಲ್ ನೇರವಾಗಿ ತಲುಪದ ಕಡೆ, ನಡುವೆ ಇರುವವರಲ್ಲಿ ಯಾರಾದರೊಬ್ಬರು ಅದನ್ನು ಹಿಡಿದು ಮುಂದಕ್ಕೆ ದಾಟಿಸಬೇಕು. ಆ ಒಬ್ಬರನ್ನು ಆರಿಸುವುದೇ ವಿದ್ಯೆ. ಆರಿಸುವಾಗ ಇದ್ದ ಸ್ಥಿತಿ ಕಳಿಸುವಾಗಲೂ ಇರುತ್ತದೆಂದು ನಂಬಬೇಡಿ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತೇನೆ.

ಹಾರನಹಳ್ಳಿಯ ಆಚೆ ತೋಟದ ತಗ್ಗಿನಲ್ಲಿರುವ ನಮ್ಮ ಮನೆಗೆ ಸಿಗ್ನಲ್ ಬರುವುದಿಲ್ಲ. ರಸ್ತೆಯವರೆಗೆ ಧಾರಾಳವಾಗಿ ಬಂದು, ನಮ್ಮ ಗೇಟು ಕಂಡೊಡನೆ ಬೇಡದ ನೆಂಟರ ಮನೆ ಕಂಡಂತೆ ತಿರುಗಿಬಿಡುತ್ತದೆ. ಹೀಗಿರುವಾಗ ಅರಸೀಕೆರೆಯ ಶಾಲೆಯೊಂದರ ಗಣಿತದ ಟೀಚರ್ ಕೆಲಸಕ್ಕೆ ನನ್ನ ಹೆಂಡತಿ ಗಿರಿಜಾಗೆ ಸಂದರ್ಶನ ಬಂತು. ಆಡಳಿತದವರು ಬೇಲೂರಿನಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಾರಂತೆ. ಮಕ್ಕಳಿಗಾಗಿ ಬಿಟ್ಟ ವೃತ್ತಿಗೆ ಮರಳಲು ಅವಳಿಗೆ ಸಿಕ್ಕ ಮೊದಲ ಕರೆ ಅದು.

"ನಿಮ್ಮ ಕಾಲೇಜಲ್ಲಿ ಒಂದು ರೂಮು ಕೊಡಿಸ್ರೀ, ಅಲ್ಲೇ ಕೂತ್ಕೋತೀನಿ" ಎಂದಳು.

"ರಿಲೇ ಮೇಷ್ಟ್ರ ಹೆಂಡ್ತಿ ಸಿಗ್ನಲ್ ಹುಡುಕ್ಕೊಂಡು ಊರು ಬಿಡೋದಾ?" ಎಂದೆ. ಹೀಗೆ ಅಂದದ್ದು ನಾನೇ.

ರಸ್ತೆಗೂ ನಮಗೂ ನಡುವೆ ಎರಡು ಮನೆಗಳಿವೆ. ನಂಜವ್ವನ ತಾರಸಿಯಲ್ಲಿ ಸಿಗ್ನಲ್ ಸಾಧಾರಣ. ಕೊಬ್ಬರಿ ವ್ಯಾಪಾರದ ಚಂದ್ರಣ್ಣನ ಅಟ್ಟದಲ್ಲಿ ಮೊಬೈಲ್ ಹಿಡಿದರೆ ಗೆರೆಗಳೆಲ್ಲ ತುಂಬಿದವು. "ಇಟ್ಕಳಿ ಮೇಷ್ಟ್ರೇ, ಅಟ್ಟ ಖಾಲಿನೇ ಐತೆ" ಎಂದ ಚಂದ್ರಣ್ಣ. ರಸ್ತೆ ಬದಿಯ ಕಿಟಕಿಯಲ್ಲಿ, ಸಿಗ್ನಲ್ ಹಿಡಿದು ನಮ್ಮ ಮನೆಗೆ ದಾಟಿಸುವ ನನ್ನ ರಿಲೇ ಡಬ್ಬಿ ಕೂತಿತು. ಮನೆಯಲ್ಲಿ ಕೂತು ಗಿರಿಜಾ ತಂಗಿಯ ಜೊತೆ ಮುಖ ನೋಡಿಕೊಂಡು ಹರಟಿದಳು. ನಾನು ಅವತ್ತು ಸ್ವಲ್ಪ ಎದೆಯುಬ್ಬಿಸಿ ನಡೆದೆ.

ಸಂದರ್ಶನದ ದಿನ ಮೊದಲ ಪ್ರಶ್ನೆ ಸರಾಗವಾಗಿ ಮುಗಿಯಿತು. ಎರಡನೆಯದನ್ನು ಕೇಳುತ್ತಿದ್ದ ಮಹನೀಯರು ಬಾಯಿ ತೆರೆದವರು ಮುಚ್ಚಲಿಲ್ಲ. ಚಿತ್ರ ಹಾಗೇ ನಿಂತಿತು. ಗಿರಿಜಾ ನನ್ನನ್ನು ನೋಡಿದಳು. ಆ ನೋಟವನ್ನು ವರ್ಣಿಸಲಾರೆ. ಓಡಿದೆ.

ಚಂದ್ರಣ್ಣನ ಬಾಗಿಲಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಕಾಯಿಗಳು ಕೈಯಿಂದ ಕೈಗೆ ಹಾರಿ ಅಟ್ಟ ಸೇರುತ್ತಿದ್ದವು. ಡಬ್ಬಿಗೂ ನಮ್ಮ ಮನೆಗೂ ನಡುವೆ ಸೂರು ಮುಟ್ಟುವ ಕಾಯಿಗೋಡೆ. ಒಂದೊಂದು ಕಾಯಿಯಲ್ಲೂ ನೀರು. ಸಿಗ್ನಲ್ ನುಂಗುವುದರಲ್ಲಿ ನೀರಿನ ಸಾಮರ್ಥ್ಯವನ್ನು ನಾನು ಪರೀಕ್ಷೆಗೇ ಕೇಳಿದ್ದೇನೆ.

"ಏನ್ ಚಂದ್ರಣ್ಣಾ ಇದು!"

"ಕಾಯಿ ಮೇಷ್ಟ್ರೇ. ಅಟ್ಟನ ಖಾಲಿ ಇಟ್ಕಂಡು ಪೂಜೆ ಮಾಡ್ಲಾ? ನಿಮ್ ಡಬ್ಬಿ ಮುಟ್ಟಿಲ್ಲ, ಆಣೆಗೂ."

"ಇದರ ನೀರು ಯಾವಾಗ ಆರುತ್ತೆ?"

"ಬರೋ ವರ್ಷ ಕೊಬ್ಬರಿ ಆಯ್ತದೆ. ಆಮೇಲೆ ಆರಾಮಾಗಿ ಫೋನ್ ಮಾಡ್ಕಳಿ."

ಅಷ್ಟರಲ್ಲಿ ಗಿರಿಜಾ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೀರೆಯ ನೆರಿಗೆ. "ಏಣಿ ಹಿಡ್ಕೊಳ್ರೀ. ಮಾತಾಡ್ಬೇಡಿ" ಎಂದು ಹತ್ತಿ, ಡಬ್ಬಿಯ ಪಕ್ಕದಲ್ಲೇ ಕೂತಳು. ಮೇಲಿನಿಂದ ಭಿನ್ನರಾಶಿಯ ವಿವರಣೆ ಸ್ಪಷ್ಟವಾಗಿ ಇಳಿದು ಬಂತು. ಕೊನೆಗೆ ಬೇಲೂರಿನ ದನಿಯೊಂದು ಕೇಳಿತು: "ಹಿಂದೆ ಅಷ್ಟೊಂದು ಕಾಯಿ ಕಾಣ್ತಿದೆಯಲ್ಲಮ್ಮಾ, ನಿಮ್ಮ ಯಜಮಾನರು ಏನು ಮಾಡ್ತಾರೆ?"

ಅಟ್ಟದ ಮೇಲಿಂದ ಗಿರಿಜಾಳ ಉತ್ತರ ಇಳಿಯಿತು.

"ಕೊಬ್ಬರಿ ವ್ಯಾಪಾರ, ಸರ್."

ಏಣಿ ಅಲುಗಿತು. ಹಿಡಿದಿದ್ದವನು ನಾನು.

ಕೆಲಸ ಸಿಕ್ಕಿತು. ಹಾಗೇಕೆ ಹೇಳಿದೆ ಎಂದು ಕೇಳಿದ್ದಕ್ಕೆ, "ವೈರ್‌ಲೆಸ್ ಮೇಷ್ಟ್ರು ಅಂದಿದ್ರೆ ಅಟ್ಟದ ಮೇಲೆ ಯಾಕಮ್ಮಾ ಕೂತಿದ್ದೀ ಅಂತ ಕೇಳ್ತಿದ್ರು. ಅದಕ್ಕೆ ಏನ್ ಹೇಳ್ಲಿ?" ಎಂದಳು.

ಮೊನ್ನೆ ಶಾಲೆಯ ವಾರ್ಷಿಕೋತ್ಸವಕ್ಕೆ ಬೇಲೂರಿನಿಂದ ಬಂದಿದ್ದ ಆ ಹಿರಿಯರು ನನ್ನ ಕೈ ಕುಲುಕಿ, "ಕೊಬ್ಬರಿ ರೇಟು ಹೇಗಿದೆ ಸ್ವಾಮಿ ಈ ಸಲ?" ಎಂದು ವಿಚಾರಿಸಿದರು. ಗಿರಿಜಾ ಪಕ್ಕದಲ್ಲೇ ನಿಂತಿದ್ದಳು.

"ಸ್ವಲ್ಪ ಏರಬಹುದು, ಸರ್" ಎಂದೆ.