ಪದ್ದತ್ತೆಯ ಕಣ್ಣು, ಎರಡು ಕ್ಯಾಮೆರಾ

ಒಂದೇ ಅಂಗಿ ಇದ್ದವನು ಅದನ್ನು ತೊಟ್ಟುಕೊಂಡು ಹೊರಟುಬಿಡುತ್ತಾನೆ. ಎರಡು ಇದ್ದವನು ಕನ್ನಡಿಯ ಮುಂದೆ ನಿಂತು ಬಸ್ಸು ತಪ್ಪಿಸಿಕೊಳ್ಳುತ್ತಾನೆ. ನಾನು ಈ ಎರಡನೆಯ ಜಾತಿಯವನು. ಮಾರ್ಕೆಟ್ಟಿನಲ್ಲಿ ಕೈಗೊಂದರಂತೆ ಸೋರೆಕಾಯಿ ಹಿಡಿದು ನಿಂತರೆ, ಯಾವುದು ಎಳೆಯದು ಎಂದು ನಾನು ತೀರ್ಮಾನಿಸುವಷ್ಟರಲ್ಲಿ ಎರಡೂ ಬಲಿತುಬಿಡುತ್ತವೆ ಎಂದು ನನ್ನ ಹೆಂಡತಿ ಸುಧಾ ಹೇಳುತ್ತಾಳೆ. ಆಂಧ್ರದ ಗಡಿಯೂರು ಆದೋನಿಯ ಒಂದು ಹೈಸ್ಕೂಲಿನಲ್ಲಿ ಹಗಲೆಲ್ಲ ತೆಲುಗಿನಲ್ಲಿ ಭೂಗೋಳ ಹೇಳಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಬೈಸಿಕೊಳ್ಳುವುದು ನನ್ನ ದಿನಚರಿ. ಇಂಥವನ ಕೈಗೆ ಯಾರಾದರೂ ಒಟ್ಟಿಗೇ ಎರಡು ಕ್ಯಾಮೆರಾ ಕೊಡುತ್ತಾರೆಯೇ? ಸುಧಾಳ ಅಣ್ಣ ಗುರುರಾಜ ಕೊಟ್ಟ.

ಗುರುರಾಜ ಬಳ್ಳಾರಿಯವನು. ಕ್ಯಾಮೆರಾ ಅವನ ಹುಚ್ಚು. ನನ್ನ ಫೋನು ತೊಟ್ಟಿಗೆ ಬಿದ್ದು, ಮಾತು ಕೇಳಿಸುತ್ತದೆ ಆದರೆ ಫೋಟೊ ತೆಗೆದರೆ ಎಲ್ಲರೂ ನೀರೊಳಗೆ ಕೂತಂತೆ ಕಾಣುತ್ತಾರೆ ಎಂಬ ಸ್ಥಿತಿಗೆ ಬಂದಾಗ, ಅವನು ಬಂದು ಊಟದ ಮಧ್ಯೆ ಎರಡು ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಎಲೆಯ ಪಕ್ಕದಲ್ಲಿ ಇಟ್ಟ. ಒಂದು ಬೆಳ್ಳಿಯ ಬಣ್ಣದ್ದು, ಸಾಬೂನಿನಷ್ಟು ದೊಡ್ಡದು, ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಇನ್ನೊಂದು ಕಪ್ಪು, ಸ್ವಲ್ಪ ದಪ್ಪ. ಗುಂಡಿ ಒತ್ತಿದರೆ ಅದರ ಮೂತಿ ಆಮೆಯ ತಲೆಯಂತೆ ಮೆಲ್ಲಗೆ ಹೊರಗೆ ಬರುತ್ತದೆ, ಬರುತ್ತಲೇ ಇರುತ್ತದೆ. "ಎರಡೂ ಇಟ್ಕೊಂಡು ನೋಡ್ರಿ ಭಾವಾ. ಬೇಕಾದ್ದು ನಿಮ್ದು, ಬ್ಯಾಡಾದ್ದು ನನಗ ವಾಪಸ್" ಎಂದ. ಸುಧಾ ಹುಳಿ ಬಡಿಸುವುದನ್ನು ನಿಲ್ಲಿಸಿ, "ಅಣ್ಣಾ, ಒಂದಾ ಕೊಟ್ಟು ಹೋಗು. ಇವರು ಎರಡೂ ಇಟ್ಕೊಂಡ್ರ ನಮ್ಮ ಮನಿ ಪೂರಾ ಲ್ಯಾಬೊರೇಟರಿ ಆಗ್ತೈತಿ" ಎಂದು ಬೇಡಿಕೊಂಡಳು. ಅವನು ನಕ್ಕು ಬಸ್ಸು ಹತ್ತಿದ.

ಮನೆ ಲ್ಯಾಬೊರೇಟರಿ ಆಯಿತು. ಒಂದೇ ಬದನೆಕಾಯಿಯನ್ನು ಎರಡರಲ್ಲೂ ತೆಗೆದೆ. ಒಂದೇ ಬಾಗಿಲು, ಒಂದೇ ರಂಗೋಲಿ, ಒಣಗಿದ ಒಂದೇ ಟವೆಲ್ಲು. ಬೆಳ್ಳಿಯದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು. ಅಡುಗೆಮನೆಯ ಮಬ್ಬು ಬೆಳಕಿನಲ್ಲೂ ಒಗ್ಗರಣೆ ಡಬ್ಬಿಯ ಸಾಸಿವೆ ಒಂದೊಂದಾಗಿ ಕಾಣುತ್ತಿತ್ತು. ಕಪ್ಪಿನದು ಎಲ್ಲದಕ್ಕೂ ಮದುವೆ ಬಣ್ಣ ಹಚ್ಚುತ್ತಿತ್ತು. ಸುಧಾಳ ಹಳೆಯ ಬೂದು ಸೀರೆ ಅದರಲ್ಲಿ ನವಿಲಿನಂತೆ ಹೊಳೆಯಿತು. "ಇದಾ ಛಲೋ ಐತಿ" ಎಂದಳು ಅವಳು, ಪರೀಕ್ಷೆ ಮುಗಿಯಿತೆಂಬ ಧಾಟಿಯಲ್ಲಿ. ಬೆಳ್ಳಿಯದರಲ್ಲಿ ಅವಳ ಹಣೆಯ ಗೆರೆಗಳು ಸ್ಪಷ್ಟವಾಗಿ ಬಂದಿದ್ದವು. ಅದನ್ನು ಗುಣವೆಂದು ನಾನು ಹೊಗಳಿದ್ದು ತಪ್ಪಾಯಿತು.

ಆದರೆ ಕಪ್ಪು ಕ್ಯಾಮೆರಾದ ನಿಜವಾದ ಪ್ರತಾಪ ತಿಳಿದದ್ದು ಮಾಳಿಗೆಯ ಮೇಲೆ. ನಮ್ಮ ಮಾಳಿಗೆಯಿಂದ ಕೋಟೆಯ ಬೆಟ್ಟ ಕಾಣುತ್ತದೆ. ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೇನೆ. ಯಾರೋ ದೊಡ್ಡವರು ಆಟವಾಡಿ ಎತ್ತಿಡದೆ ಹೋದ ಹಾಗೆ ಬಂಡೆಯ ಮೇಲೆ ಬಂಡೆ. ಆಮೆಯ ಕತ್ತು ಪೂರ್ತಿ ಚಾಚುವಂತೆ ಗುಂಡಿ ಒತ್ತಿ ಹಿಡಿದೆ. ಬೆಟ್ಟ ನನ್ನ ಕಡೆಗೆ ನಡೆದುಕೊಂಡು ಬಂತು. ಬಂಡೆಗಳು ಬಂದವು, ಬಂಡೆಯ ಬಿರುಕು ಬಂತು, ಬಿರುಕಿನಲ್ಲಿ ಬೆಳೆದ ಗಿಡ ಬಂತು, ಕೊನೆಗೆ ಆ ಗಿಡವನ್ನು ತಿನ್ನುತ್ತಿದ್ದ ಮೇಕೆ ಬಂತು. ಅದರ ಗಡ್ಡ ಗಾಳಿಗೆ ಅಲ್ಲಾಡುತ್ತಿತ್ತು. ಬರಿಗಣ್ಣಿಗೆ ಅಲ್ಲಿ ಮೇಕೆಯಿರಲಿ, ಮೇಕೆಯಂಥ ಚುಕ್ಕೆಯೂ ಇರಲಿಲ್ಲ. ನಾನು ನಿಂತಲ್ಲೇ ಕೈ ಮುಗಿಯುವವನಿದ್ದೆ. ಕೈಯಲ್ಲಿ ಕ್ಯಾಮೆರಾ ಇದ್ದದ್ದರಿಂದ ಆಗಲಿಲ್ಲ. ಇಷ್ಟು ವರ್ಷ ಆ ಬೆಟ್ಟದ ಮೇಲೆ ನನಗೆ ಹೇಳದೆ ಕೇಳದೆ ಎಷ್ಟು ಮೇಕೆಗಳು ಮೇಯ್ದಿರಬಹುದು ಎಂಬ ಯೋಚನೆಯಲ್ಲಿ ಅವತ್ತು ನನಗೆ ಊಟವೂ ರುಚಿಸಲಿಲ್ಲ.

ಹೀಗೆ ತಕ್ಕಡಿ ಆ ಕಡೆ ಈ ಕಡೆ ತೂಗಾಡುತ್ತಿರುವಾಗ ಹೊಳಗುಂದದಿಂದ ಫೋನು ಬಂತು. ಅಲ್ಲಿ ನನ್ನ ದೊಡ್ಡ ಸೋದರತ್ತೆ ವೇಣತ್ತೆ ಇದ್ದಾಳೆ. ಚಿಕ್ಕ ಸೋದರತ್ತೆ ಪದ್ದತ್ತೆ ನಮ್ಮ ಮನೆಯಲ್ಲೇ ಇದ್ದಾಳೆ. ಅಕ್ಕ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು, ಕಿವಿಯೂ ಪೂರ್ತಿ ಹೋಗಿತ್ತು. ತಂಗಿಗೆ ಮಂಡಿ ನೋವು. ಬಸ್ಸಿನ ಮೆಟ್ಟಿಲು ಕಂಡರೆ ತಿರುಪತಿ ಬೆಟ್ಟ ಕಂಡ ಹಾಗೆ. ಹೀಗಾಗಿ ಇಬ್ಬರೂ ಮುಖ ನೋಡಿ ಬಹಳ ದಿನವಾಗಿತ್ತು. ವೇಣತ್ತೆಯ ಸೊಸೆ ಸರೋಜಾ ಫೋನಿನಲ್ಲಿ ಹೇಳಿದಳು: "ಅಣ್ಣಾ, ಅತ್ತಿ ಯಾಕೋ ಮಂಕಾಗ್ಯಾರ. ಮಾತಿಲ್ಲ, ನಗು ಇಲ್ಲ, ಎರಡು ತುತ್ತಿಗೆ ಸಾಕಂತಾರ. ನಿನ್ನೆ ತಾವಾ ಬಾಯಿ ಬಿಟ್ಟು, ಪದ್ದಿದೊಂದು ಫೋಟೊ ತರ್ಸು, ಕಣ್ಣು ತೆರೆದದ್ದು ತರ್ಸು ಅಂದ್ರು."

ಕಣ್ಣು ತೆರೆದದ್ದು! ಇಲ್ಲೇ ಇತ್ತು ಕಷ್ಟ. ಪದ್ದತ್ತೆ ಇಡೀ ಜೀವಮಾನದಲ್ಲಿ ಕಣ್ಣು ತೆರೆದು ಫೋಟೊ ತೆಗೆಸಿಕೊಂಡವಳಲ್ಲ. ಮದುವೆಯ ಫೋಟೊದಲ್ಲಿ ಧ್ಯಾನಕ್ಕೆ ಕೂತಂತಿದ್ದಾಳೆ. ನನ್ನ ಮುಂಜಿಯ ಗುಂಪಿನಲ್ಲಿ ನಿಂತೇ ನಿದ್ದೆ ಹೋದಂತಿದ್ದಾಳೆ. ಗುರುತಿನ ಚೀಟಿಗೆ ಫೋಟೊ ತೆಗೆಯುವವನು ಬೆವರು ಒರೆಸಿಕೊಳ್ಳುತ್ತ, "ಅಮ್ಮಾ, ಕಳ್ಳು ತೆರವಂಡಮ್ಮಾ" ಎಂದು ತೆಲುಗಿನಲ್ಲಿ ಗೋಗರೆದಿದ್ದ. ತೆಲುಗಿನಲ್ಲಿ ಕಳ್ಳು ಎಂದರೆ ಕಣ್ಣುಗಳು. ನಮ್ಮ ಕನ್ನಡದಲ್ಲಿ ಅದು ಈಚಲು ಮರದಿಂದ ಇಳಿಸಿ ಕುಡಿಯುವಂಥದ್ದು. ಪದ್ದತ್ತೆಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಮನೆಗೆ ಬಂದು, "ಮಡಿ ಉಡೋ ಹೆಂಗಸಿಗೆ ಕಳ್ಳು ತೆರಿ ಅಂತಾನಲ್ಲೋ, ಕಾಲ ಕೆಟ್ಟುಹೋತು!" ಎಂದು ಓಣಿಗೆಲ್ಲ ಹೇಳಿ ನಗಿಸಿದ್ದಳು. ವೀಡಿಯೊ ಕಾಲ್ ಮಾಡಿದರೆ ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾಳೆ. ಹೊಳಗುಂದದವರಿಗೆ ಅವಳ ಕಿವಿಯೋಲೆಯ ದರ್ಶನ ಮಾತ್ರ. ನಾವು ಕೈಯಿಂದ ಕಿತ್ತು ಎದುರಿಗೆ ಹಿಡಿದರೆ ರೆಪ್ಪೆ ಮುಚ್ಚಿಕೊಂಡೇ ಮಾತಾಡುತ್ತಾಳೆ.

ಆದರೆ ಈಗ ನನ್ನ ಬಳಿ ಎರಡು ಯಂತ್ರಗಳಿದ್ದವು. ಬದನೆಕಾಯಿ, ಟವೆಲ್ಲುಗಳ ಪರೀಕ್ಷೆ ಬಿಟ್ಟು, ಪದ್ದತ್ತೆಯ ಕಣ್ಣನ್ನು ಯಾವುದು ಹಿಡಿಯುತ್ತದೋ ಅದೇ ನನ್ನದು ಎಂದು ಘೋಷಿಸಿದೆ. ಸುಧಾಳಿಗೆ ಮೊದಲ ಸಲ ನನ್ನ ಪರೀಕ್ಷೆಯಲ್ಲಿ ಆಸಕ್ತಿ ಹುಟ್ಟಿತು. ಪದ್ದತ್ತೆಗೂ ಹುಟ್ಟಿತು, ಅಕ್ಕನಿಗಾಗಿ ಎಂದು ತಿಳಿದ ಮೇಲೆ ಅವಳು ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು. "ಈ ಸಲ ಗಟ್ಟಿ ತೆರೀತೀನಿ ನೋಡು" ಎಂದು ಹುರುಪಿನಿಂದ ಹೇಳಿದಳು.

ಬೆಳ್ಳಿಯದರಲ್ಲಿ ತೆಗೆದೆ. ಮುಚ್ಚಿತ್ತು. ಕಪ್ಪಿನದರಲ್ಲಿ ತೆಗೆದೆ. ಮುಚ್ಚಿತ್ತು. ಕಪ್ಪಿನದಕ್ಕೆ ಒಂದು ವಿಶೇಷ ಬುದ್ಧಿ. ಫೋಟೊದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆ ಬಂದು ಬಂದು ಕೊನೆಗೆ ಅದಕ್ಕೇ ಬೇಸರವಾಗಿ ಬ್ಯಾಟರಿ ಖಾಲಿಯಾಯಿತು. ಚಾರ್ಜಿಗೆ ಹಾಕಿ ಬೆಳ್ಳಿಯದಕ್ಕೆ ಮರಳಿದೆ. ಅದರಲ್ಲಿ ಗುಂಡಿ ಒತ್ತಿ ಹಿಡಿದರೆ ಪಟಪಟನೆ ಸಾಲಾಗಿ ಫೋಟೊ ಬೀಳುತ್ತವೆ. ಇಷ್ಟರಲ್ಲಿ ಒಂದರಲ್ಲಾದರೂ ತೆರೆಯದೆ ಎಲ್ಲಿ ಹೋಗುತ್ತವೆ ಎಂದುಕೊಂಡೆ. ಮೊದಲನೆಯದರಿಂದ ಕೊನೆಯದರವರೆಗೆ ಅದೇ ಯೋಗನಿದ್ರೆ. ಫ್ಲ್ಯಾಶ್ ಆರಿಸಿದೆ, ಸದ್ದು ಅಡಗಿಸಿದೆ, ಬೇರೆ ಏನೋ ಮಾತಾಡುತ್ತ ಕಳ್ಳನಂತೆ ಒತ್ತಿದೆ. ಅವಳ ರೆಪ್ಪೆಗೆ ನನ್ನ ಬೆರಳಿಗಿಂತ ಮೊದಲೇ ಸುದ್ದಿ ಮುಟ್ಟುತ್ತಿತ್ತು. ಸುಧಾ ತೆಗೆದು ನೋಡಿದಳು, ಅದೂ ಅಷ್ಟೇ. ಹುರುಪು ಇಳಿಯುತ್ತ ಬಂತು. ಪದ್ದತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ಬಿಡಪ್ಪ. ಅಕ್ಕಗ ನನ್ನ ಮುಚ್ಚಿದ ಕಣ್ಣಾ ಗತಿ ಅಂತ ಕಾಣ್ತೈತಿ" ಎಂದಳು. ಸದಾ ನಗಿಸುವವಳು ಹಾಗೆ ಹೇಳಿದ್ದು ಕೇಳಿ ನಮ್ಮಿಬ್ಬರ ಮುಖವೂ ಇಳಿಯಿತು.

"ಅಲ್ಲತ್ತಿ, ನಿನಗೇನು ಕ್ಯಾಮೆರಾ ಕಂಡ್ರ ಹೆದರಿಕೇನು?" ಎಂದು ಕೇಳಿದೆ.

"ಕ್ಯಾಮೆರಾಕ್ಕ ಯಾಕ ಹೆದರ್ಲಿ? ಫೋಟೊ ತೆಗಿಯೋರ ಮುಖ ನೋಡಿದ್ರ ಜೀವ ಝಲ್ ಅಂತೈತಿ. ಈಗ ನೀನಾ ನೋಡು. ಉಸಿರು ಬಿಗಿ ಹಿಡೀತಿ, ಒಂದು ಕಣ್ಣು ಸಣ್ಣ ಮಾಡ್ತಿ, ನಾಲಿಗಿ ಹೊರಗ ಬರ್ತೈತಿ. ಮದಿವ್ಯಾಗ ತೆಗೆದಾಂವನೂ ಹಿಂಗಾ ಮಾಡಿದ್ದ. ಏನೋ ಆಗಿಬಿಡ್ತೈತಿ ಅಂತ ನಾ ಕಣ್ಣು ಮುಚ್ಚಿಬಿಡ್ತೀನಿ."

"ನನ್ನ ನಾಲಿಗಿ ಹೊರಗ ಬರ್ತೈತಾ?" ಎಂದು ಸುಧಾಳನ್ನು ನೋಡಿದೆ. ಅವಳು ಗೋಡೆಯ ಕಡೆ ತಿರುಗಿ ನಗುತ್ತಿದ್ದಳು.

"ಸುಳ್ಳಂತೀಯೇನು? ಕೊಡು ಇಲ್ಲಿ, ತೆಗೆದು ತೋರಿಸ್ತೀನಿ" ಎಂದು ಪದ್ದತ್ತೆ ಕೈ ಚಾಚಿದಳು. ಆಗಷ್ಟೇ ಚಾರ್ಜು ಕಂಡಿದ್ದ ಕಪ್ಪು ಕ್ಯಾಮೆರಾವನ್ನು ಅವಳ ಕೈಗಿಟ್ಟು, ಒತ್ತಬೇಕಾದ ಗುಂಡಿ ತೋರಿಸಿದೆ. ಅವಳು ಅದನ್ನು ಎದೆಯ ಮಟ್ಟಕ್ಕೆ, ತೀರ್ಥದ ಬಟ್ಟಲು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಳು. ಪರದೆಯಲ್ಲಿ ನಾನು ಕಂಡೆನೋ ಏನೋ, "ಅಯ್ಯ, ಇದರಾಗ ಅದಾನ!" ಎಂದು ಉದ್ಗರಿಸಿ, ಪರದೆಯಲ್ಲಿದ್ದವನಿಗೂ ಎದುರಿಗಿದ್ದವನಿಗೂ ತಾಳೆ ನೋಡಲು ತಲೆ ಎತ್ತಿದಳು. ಬೆಳ್ಳಿಯದು ನನ್ನ ಕೈಯಲ್ಲೇ ಇತ್ತು. ಅವಳು ಒತ್ತಿದಳು, ನಾನೂ ಒತ್ತಿದೆ.

ನನ್ನ ಕ್ಯಾಮೆರಾದ ಪರದೆ ನೋಡಿದೆ. ಪದ್ದತ್ತೆ ನನ್ನನ್ನು ನೋಡುತ್ತಿದ್ದಳು. ಎರಡೂ ಕಣ್ಣು ಪೂರ್ತಿ ತೆರೆದು.

ಚಿತ್ರವನ್ನು ಹಿಗ್ಗಿಸಿದೆ. ಸುಧಾಳನ್ನು ಕೈ ಮಾಡಿ ಕರೆದೆ. ಅವಳೂ ಬಂದು ಪರದೆಗೆ ಮುಖ ತಂದು ನೋಡಿದಳು. ಪದ್ದತ್ತೆಯ ಕಣ್ಣು ಕಪ್ಪಲ್ಲ. ಅವಳ ಮಡಿಲಲ್ಲೇ ಬೆಳೆದವನು ನಾನು, ದಿನವೂ ಅವಳ ಕೈಯ ಕಾಫಿ ಕುಡಿಯುವವನು. ಆದರೂ ಇದು ನನಗೆ ಗೊತ್ತಿರಲಿಲ್ಲ. ಆಗ ತಾನೇ ಇಳಿಸಿದ ಬೆಲ್ಲದ ಪಾಕಕ್ಕೆ ಬಿಸಿಲು ಬಿದ್ದರೆ ಬರುವ ಬಣ್ಣ. ಸುತ್ತ ತೆಳುವಾದ ನೀಲಿ ಅಂಚು. ಇನ್ನೂ ಹಿಗ್ಗಿಸಿದರೆ ಆ ಕಣ್ಣೊಳಗೆ ನಮ್ಮ ಕಿಟಕಿಯಿತ್ತು, ಸರಳುಗಳಿದ್ದವು, ಸರಳಿನಾಚೆ ಆಕಾಶದ ಒಂದು ತುಂಡಿತ್ತು. ಅದರ ಮುಂದೆ ಬೆನ್ನು ಬಗ್ಗಿಸಿ ನಿಂತ, ಎಳ್ಳಿನಷ್ಟು ಸಣ್ಣ ಮನುಷ್ಯನೊಬ್ಬನಿದ್ದ. ಅದು ನಾನು. ಬೆಟ್ಟದ ಮೇಕೆಯನ್ನು ನೋಡಿ ಬೆರಗಾಗಿದ್ದವನಿಗೆ ಈಗ ಬೆರಗು ಎಂಬ ಮಾತೇ ಸಣ್ಣದೆನಿಸಿತು. ಸಾಬೂನಿನಷ್ಟು ಗಾತ್ರದ ಡಬ್ಬಿ ಒಂದು ಕ್ಷಣಕ್ಕೆ ಬಾಯಿ ತೆರೆದು, ಒಬ್ಬ ಹೆಂಗಸು ಹುಟ್ಟಿದಾಗಿನಿಂದ ನೋಡುತ್ತ ಬಂದ ಜಗತ್ತಿನ ಬಾಗಿಲನ್ನೇ ನುಂಗಿ ತಂದಿತ್ತು.

"ಏನೈತಪ್ಪ ಅದರಾಗ? ಮತ್ತ ಮುಚ್ಚೀನೇನು?" ಎಂದು ಪದ್ದತ್ತೆ ಅಳುಕುತ್ತ ಕೇಳಿದಳು. ತೋರಿಸಿದೆ. ಬಹಳ ಹೊತ್ತು ನೋಡಿದಳು. ಕನ್ನಡಿಯಲ್ಲಿ ಕುಂಕುಮಕ್ಕಷ್ಟೇ ನೋಡಿಕೊಂಡವಳು ಇರಬೇಕು. "ಇವು ನನ್ನವೇನು?" ಎಂದು ಮೆಲ್ಲಗೆ ಕೇಳಿ, ತನ್ನದೇ ಕಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

ಸ್ಟುಡಿಯೊದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಭಾನುವಾರ ಹೊಳಗುಂದದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹತ್ತಿ ಹೊಲಗಳು ಬಿಳಿಯಾಗಿ ಒಡೆದಿದ್ದವು. ವೇಣತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸರೋಜಾ ಅವಳನ್ನು ಎಬ್ಬಿಸಿ ದಿಂಬಿಗೆ ಒರಗಿಸಿ ಕೂಡಿಸಿದಳು. ನಾನು ಫೋಟೊ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು.

"ಇದು ನಮ್ಮವ್ವ" ಎಂದಳು, ಕಿವಿ ಕೇಳದವರ ದೊಡ್ಡ ದನಿಯಲ್ಲಿ. "ಸರೋಜಾ, ಇಲ್ನೋಡು, ನಮ್ಮವ್ವನ ಕಣ್ಣು. ಅವ್ವ ಹೋದ ಮ್ಯಾಲೆ ಈ ಕಣ್ಣು ಪದ್ದಿ ಹತ್ರ ಅಷ್ಟಾ ಉಳದಿದ್ವು. ಅದನ್ನ ನೋಡ್ಬೇಕಂತಾ ನಾ ಜೀವ ಹಿಡ್ಕೊಂಡಿದ್ದೆ." ಫೋಟೊವನ್ನು ಕಣ್ಣಿಗೆ ಒತ್ತಿಕೊಂಡಳು. ನಮ್ಮ ಅಜ್ಜಿ ಒಂದು ಫೋಟೊವನ್ನೂ ತೆಗೆಸಿಕೊಳ್ಳದೆ ಹೋದವಳು. ನಾನು ಅವಳನ್ನು ನೋಡಿಯೇ ಇರಲಿಲ್ಲ. ಈಗ ನೋಡಿದ ಹಾಗಾಯಿತು. ಸರೋಜಾ ಸೆರಗು ಬಾಯಿಗೆ ಹಚ್ಚಿಕೊಂಡಿದ್ದಳು. ನಾನು ಛಾವಣಿಯ ತೊಲೆಗಳನ್ನು ಪರೀಕ್ಷಿಸುವವನಂತೆ ಮೇಲೆ ನೋಡಿದೆ.

ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ಲಕೋಟೆಯಿಂದ ಇನ್ನೊಂದು ಪ್ರಿಂಟ್ ಜಾರಿ ಹಾಸಿಗೆಯ ಮೇಲೆ ಬಿತ್ತು. ಪದ್ದತ್ತೆ ಕಪ್ಪು ಕ್ಯಾಮೆರಾದಲ್ಲಿ ತೆಗೆದ ನನ್ನ ಫೋಟೊ. ಸುಧಾ ನನಗೆ ಹೇಳದೆ ಅದನ್ನೂ ಪ್ರಿಂಟ್ ಹಾಕಿಸಿದ್ದಳು. ಒಂದು ಕಣ್ಣು ಸಣ್ಣಗೆ, ಕೆನ್ನೆ ಉಬ್ಬಿ, ನಾಲಿಗೆ ತುಟಿಯ ಮೂಲೆಯಲ್ಲಿ ಹೊರಗೆ, ಮೇಲಿಂದ ಮದುವೆ ಬಣ್ಣ. ವೇಣತ್ತೆ ಅದನ್ನು ಎತ್ತಿ ನೋಡಿದಳು. ಒಂದು ಸಲ ನನ್ನನ್ನು ನೋಡಿದಳು. ಮತ್ತೆ ಅದನ್ನು ನೋಡಿದಳು. ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ನಾನು ಗಾಬರಿಯಾದೆ. ನಗುತ್ತಿದ್ದಳು. ಸೊಂಟ ನೋಯುತ್ತದೆಂದು ಸರೋಜಾ ಹಿಡಿದುಕೊಳ್ಳಬೇಕಾಯಿತು, ಹಾಗೆ ನಕ್ಕಳು. ನಕ್ಕು ಸುಧಾರಿಸಿಕೊಂಡು, "ಹಸಿವಾಗೈತಿ, ಊಟಕ್ಕ ಹಾಕು" ಎಂದಳು. ನಾನು ಹೊರಡುವಾಗ ತಂಗಿಯ ಫೋಟೊ ದೇವರ ಗೂಡಿಗೆ ಹೋಗಿತ್ತು; ನನ್ನದು ಮಂಚದ ಪಕ್ಕದ ಗೋಡೆಗೆ.

ಗುರುರಾಜ ಫೋನು ಮಾಡಿ, "ಯಾವುದು ಗೆದ್ದಿತು ಭಾವಾ?" ಎಂದು ಕೇಳಿದ. ಬೆಳ್ಳಿಯದು ಎಂದೆ. "ಹಂಗಾದ್ರ ಕಪ್ಪು ಕಳಿಸ್ರಿ" ಎಂದ. ಅದಾಗಲಿಲ್ಲ. ಕಪ್ಪು ಕ್ಯಾಮೆರಾ ಪದ್ದತ್ತೆಯ ಕೈ ಬಿಡಲೊಲ್ಲದು. ಈಗ ಅವಳು ತುಳಸಿಯ ಕುಡಿ, ಹಾಲಿನವಳ ಮೂಗುಬೊಟ್ಟು, ಬೆಟ್ಟದ ಮೇಕೆ ಎಲ್ಲವನ್ನೂ ತೆಗೆಯುತ್ತಾಳೆ. ಉಸಿರು ಬಿಗಿ ಹಿಡಿಯದೆ, ಮಾತಾಡುತ್ತಲೇ. ಹೀಗಾಗಿ ಅಷ್ಟು ಪರೀಕ್ಷೆ ಮಾಡಿ ಗೆದ್ದ ಕ್ಯಾಮೆರಾವನ್ನು ವಾಪಸ್ ಕಳಿಸಿ, ಸೋತದ್ದನ್ನು ಮನೆಯಲ್ಲಿ ಉಳಿಸಿಕೊಂಡೆ.

ಮೊನ್ನೆ ಸರೋಜಾಳ ಫೋನು ಬಂದಿತ್ತು. ವೇಣತ್ತೆ ಈಗ ಹೊತ್ತುಹೊತ್ತಿಗೆ ಉಣ್ಣುತ್ತಾಳಂತೆ. "ಅಣ್ಣಾ, ನಿಮ್ಮ ಫೋಟೊದಿಂದ ನಮ್ಮ ಓಣಿಗೇ ಭಾಳ ಉಪಕಾರ ಆಗೈತ್ರಿ" ಎಂದಳು. "ಊಟ ಒಲ್ಲೆ ಅನ್ನೋ ಕೂಸುಗಳನ್ನ ಎತ್ಕೊಂಡು ಬರ್ತಾರ. ಅದನ್ನ ತೋರ್ಸಿದ ಕೂಡ್ಲೆ ಬಾಯಿ ತೆರೀತಾವ."

ನನಗೆ ಸಂತೋಷವೇ ಆಯಿತು. ಆದರೂ ಒಂದು ಅನುಮಾನ. "ನಕ್ಕು ತೆರೀತಾವೇನು, ಹೆದರಿ ತೆರೀತಾವೇನು?" ಎಂದು ಕೇಳಿದೆ.

ಸರೋಜಾ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

"ಒಟ್ಟು ತೆರೀತಾವ್ರಿ" ಎಂದಳು.